ಉಳಿದ ಕರೆಂಟು, ಕಾದ ನೀರು

ಬಚ್ಚಲೊಲೆಗೆ ಯಾರೂ ಒಳ್ಳೆಯ ಸೌದೆ ಹಾಕುತ್ತಿರಲಿಲ್ಲ. ಸೀಳಿ ಒಣಗಿಸಿಟ್ಟ ಕಟ್ಟಿಗೆ ಅಡುಗೆಮನೆಗೆ. ಹಂಡೆಯ ಕೆಳಗೆ ಹೋಗುತ್ತಿದ್ದುದು ಉಳಿದದ್ದು. ಕರಾವಳಿಯಲ್ಲಿ ತೆಂಗಿನ ಮಡಲು, ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ, ಬೆಳಗಾವಿ ಕಡೆ ಕಬ್ಬಿನ ರವದಿ, ಇನ್ನಷ್ಟು ಬಡಗಣಕ್ಕೆ ಹೋದರೆ ಹತ್ತಿ, ತೊಗರಿಯ ಕಟ್ಟಿಗೆ. ಅನ್ನಕ್ಕೆ ಹದವಾದ ಉರಿ ಬೇಕು, ಹೊತ್ತಿಗೆ ಸರಿಯಾಗಿ ಬೇಕು. ನೀರಿಗೆ ಆ ಹಟವಿಲ್ಲ. ಉರಿ ಏರಿದರೂ ಇಳಿದರೂ ಸಿಕ್ಕಷ್ಟನ್ನು ತೆಗೆದುಕೊಂಡು ಇಟ್ಟುಕೊಳ್ಳುತ್ತದೆ.

ವಿದ್ಯುತ್ತು ಬಂದ ಮೇಲೂ ಸ್ನಾನದ ನೀರಿಗೆ ದಕ್ಕಿದ್ದು ಇದೇ ಪಾಲು. ತಾರಸಿಯ ಮೇಲೆ ಎರಡು ಮೂರು ಕಿಲೋವಾಟಿನ ಸೌರ ಫಲಕ ಹಾಕಿಸಿಕೊಂಡವರು ಈಗ ನಡುಹಗಲಲ್ಲಿ ಮನೆಯ ಖರ್ಚು ಕಳೆದು ಉಳಿಯುವ ಕರೆಂಟನ್ನು ಗೀಸರ್‌ಗೆ ತಿರುಗಿಸುವ ಮಾತಾಡುತ್ತಾರೆ. ಹೊಸ ಉಪಾಯವೆಂದೇ ಅದರ ಬಗ್ಗೆ ಚರ್ಚೆ. ಆದರೆ ಬೇಡದ ಕರೆಂಟನ್ನು ಬಿಸಿನೀರು ಮಾಡಿಡುವುದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯಂತ್ರಗಳಲ್ಲ, ‘ಹೆಚ್ಚುವರಿ’ ಎಂಬ ಪದ. ಯಾವ ಹೊತ್ತಿನ ಕರೆಂಟು ಹೆಚ್ಚುವರಿ, ಹಾಗೆಂದು ತೀರ್ಮಾನಿಸುವವರು ಯಾರು?

ಮೊದಲು ಲೆಕ್ಕ. 100 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವುದು ಸುಮಾರು 2.9 ಯೂನಿಟ್. ನಮ್ಮ ಬಿಸಿಲಲ್ಲಿ 1 ಕಿಲೋವಾಟಿನ ಫಲಕ ಒಳ್ಳೆಯ ದಿನ ಕೊಡುವುದು 4 ಯೂನಿಟ್‌ನ ಆಸುಪಾಸು. ಒಂದು ಸಣ್ಣ ಕುಟುಂಬದ ಸ್ನಾನ ಅದರಲ್ಲಿ ಮುಗಿಯುತ್ತದೆ. ತೊಂದರೆ ಇರುವುದು ಹೊತ್ತಿನಲ್ಲಿ. ಬಿಸಿಲು ಮಧ್ಯಾಹ್ನ, ಸ್ನಾನ ಬೆಳಿಗ್ಗೆ.

ಈ ತೊಂದರೆ ಫಲಕಗಳಿಗಿಂತ ಹಳೆಯದು. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಎಂಬಾತ ‘ಕ್ಲೈಮ್ಯಾಕ್ಸ್’ ಹೆಸರಿನ ಸೌರ ನೀರೊಲೆಗೆ ಪೇಟೆಂಟ್ ಪಡೆದ. ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ಕಪ್ಪು ಬಳಿದ ಟ್ಯಾಂಕುಗಳು, ಅಷ್ಟೇ. ಮಧ್ಯಾಹ್ನ ನೀರು ಚೆನ್ನಾಗಿ ಕಾಯುತ್ತಿತ್ತು, ರಾತ್ರಿ ಅದೇ ಗಾಜಿನ ಮೂಲಕ ಬಿಸಿಯೆಲ್ಲ ಸೋರಿಹೋಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಕಾಯಿಸುವ ಕೊಳವೆಯನ್ನೂ ನೀರಿನ ಟ್ಯಾಂಕನ್ನೂ ಬೇರೆಮಾಡಿದ, ಟ್ಯಾಂಕಿಗೆ ಬೆಚ್ಚನೆಯ ಹೊದಿಕೆ ಹೊದಿಸಿದ. ಆತ ತನ್ನ ಮಾಲಿಗೆ ಇಟ್ಟ ಹೆಸರು ‘ಡೇ ಆ್ಯಂಡ್ ನೈಟ್’. ಹಗಲಿನದ್ದನ್ನು ರಾತ್ರಿಗೆ ಉಳಿಸುವುದೇ ಅವನ ವ್ಯಾಪಾರ. 1920ರ ದಶಕದಲ್ಲಿ ಲಾಸ್ ಏಂಜಲಿಸ್ ಸುತ್ತ ಅಗ್ಗದ ನೈಸರ್ಗಿಕ ಅನಿಲ ಸಿಕ್ಕ ಮೇಲೆ ಆ ಊರಲ್ಲಿ ಸೌರ ನೀರೊಲೆಯ ಕಾಲ ಮುಗಿಯಿತು.

ನಾವು ಬಳಸುವ ‘ಗೀಸರ್’ ಎಂಬ ಪದಕ್ಕೂ ಅನಿಲಕ್ಕೂ ಹಳೆಯ ನಂಟು. ಐಸ್‌ಲ್ಯಾಂಡಿನ ಗೈಸಿರ್ ಎಂಬ ಬಿಸಿನೀರ ಬುಗ್ಗೆಯ ಹೆಸರನ್ನು 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ತನ್ನ ಗ್ಯಾಸ್ ನೀರೊಲೆಗೆ ಇಟ್ಟ. ಹೊಗೆ ಹೋಗಲು ಕೊಳವೆಯೇ ಇಲ್ಲದ ಅಪಾಯದ ಯಂತ್ರ ಅದು. (ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರಿನಿಂದ ಸತ್ತವರ ಸುದ್ದಿ ಮುಂಬಯಿ, ಪುಣೆಯ ಪತ್ರಿಕೆಗಳಲ್ಲಿ ಇವತ್ತಿಗೂ ನಿಂತಿಲ್ಲ.) ಇಂಗ್ಲೆಂಡ್ ಆ ಪದವನ್ನು ಹೆಚ್ಚುಕಡಿಮೆ ಕೈಬಿಟ್ಟಿದೆ, ಭಾರತ ಮತ್ತು ದಕ್ಷಿಣ ಆಫ್ರಿಕ ಉಳಿಸಿಕೊಂಡಿವೆ. ಮಹಾರಾಷ್ಟ್ರದಲ್ಲಿರುವ ಓದುಗರಿಗೆ ‘ಬಂಬ್’ ಗೊತ್ತಿರುತ್ತದೆ: ಒಳಗೆ ಕೆಂಡ, ಸುತ್ತ ನೀರು ಇರುವ ತಾಮ್ರದ ಪಾತ್ರೆ. ಮರಾಠಿಯಲ್ಲಿ ಅಗ್ನಿಶಾಮಕ ಗಾಡಿಗೂ ಅದೇ ಹೆಸರು.

ಕರೆಂಟಿನ ಕಡೆ ಬಂದರೆ, ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚುವರಿ ಇದ್ದುದು ಮಧ್ಯರಾತ್ರಿಯಲ್ಲಿ. ದೊಡ್ಡ ಕಲ್ಲಿದ್ದಲ ಸ್ಥಾವರವನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ; ಅಣುಸ್ಥಾವರವನ್ನಂತೂ ಒಂದೇ ಸಮನೆ ಓಡಿಸುವುದೇ ಲಾಭ. ಊರು ಮಲಗಿದಾಗಲೂ ಅವು ಓಡುತ್ತಿರುತ್ತವೆ. ಆ ಕರೆಂಟಿಗೆ ಗಿರಾಕಿ ಬೇಕು. ಫ್ರಾನ್ಸ್ ಹುಡುಕಿಕೊಂಡ ಗಿರಾಕಿ ಮನೆಮನೆಯ ನೀರಿನ ಟ್ಯಾಂಕು. ವಿದ್ಯುತ್ ಕಂಪನಿ ಅದೇ ತಂತಿಗಳ ಮೇಲೆ 175 ಹರ್ಟ್ಸ್‌ನ ಒಂದು ಸಂಕೇತ ಕಳಿಸುತ್ತಿತ್ತು. ಸಂಕೇತ ಬಂದೊಡನೆ ಮನೆಯೊಳಗಿನ ರಿಲೇ ಟಕ್ಕೆಂದು ಬಿದ್ದು ಟ್ಯಾಂಕು ಕಾಯಲು ಶುರು. ಜನ ಮಲಗಿರುತ್ತಿದ್ದರು. 1974ರ ನಂತರ ಆ ದೇಶ ಅಣುಸ್ಥಾವರಗಳನ್ನು ಸಾಲಾಗಿ ಕಟ್ಟಿದಾಗ ಈ ಟ್ಯಾಂಕುಗಳ ಬೆಲೆ ಇನ್ನೂ ಏರಿತು. ಟ್ಯಾಂಕಿಗೆ ಫ್ರೆಂಚರ ಮಾತಿನಲ್ಲಿ ‘ಕ್ಯುಮ್ಯುಲಸ್’ ಎಂಬ ಹೆಸರೂ ಇದೆ. ಮೋಡಕ್ಕೂ ಅದೇ ಪದ, ರಾಶಿ ಎಂದು ಅರ್ಥ.

ಬ್ರಿಟನ್ನಿನಲ್ಲಿ 1978ರಲ್ಲಿ ‘ಎಕಾನಮಿ 7’ ಬಂತು. ರಾತ್ರಿಯ ಏಳು ಗಂಟೆ ಕರೆಂಟು ಅಗ್ಗ. ಆ ಕಾಲದ ಇಂಗ್ಲಿಷ್ ಮನೆಯಲ್ಲಿ ಬಟ್ಟೆ ಬೆಚ್ಚಗಿಡುವ ಗೂಡಿನೊಳಗೆ ತಾಮ್ರದ ಸಿಲಿಂಡರ್ ಇರುತ್ತಿತ್ತು. 150 ಲೀಟರಿನ ಒಂದು ಸಿಲಿಂಡರ್ 15 ಡಿಗ್ರಿಯ ನೀರನ್ನು 60ಕ್ಕೆ ಏರಿಸಿಟ್ಟರೆ ಸುಮಾರು 8 ಯೂನಿಟ್ ನುಂಗುತ್ತದೆ. ಇವತ್ತು 8 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯ ದರ ವಿಚಾರಿಸಿ ನೋಡಿ. ಆಮೇಲೆ ಬೇಕೆಂದಾಗ ತಕ್ಷಣ ಬಿಸಿನೀರು ಕೊಡುವ ಗ್ಯಾಸ್ ಬಾಯ್ಲರುಗಳು ಬಂದವು. ಜಾಗ ಉಳಿಯಿತೆಂದು ಜನ ಸಿಲಿಂಡರ್ ಕಿತ್ತು ಗುಜರಿಗೆ ಹಾಕಿದರು. ತಾರಸಿಯ ಮೇಲೆ ಹೆಚ್ಚುವರಿ ಹುಟ್ಟುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅದನ್ನು ಹಿಡಿಯುವ ಪಾತ್ರೆಯೇ ಇರಲಿಲ್ಲ.

ಆ ಹೆಚ್ಚುವರಿ ಹುಟ್ಟಿದ ಬಗೆ ಸ್ವಾರಸ್ಯಕರವಾದದ್ದು. 2010ರ ಏಪ್ರಿಲ್‌ನಲ್ಲಿ ಬ್ರಿಟನ್ ಮನೆಯ ಸೌರ ವಿದ್ಯುತ್ತಿಗೆ ಪ್ರೋತ್ಸಾಹಧನ ಜಾರಿಗೆ ತಂದಿತು. ಹಳೆಯ ಮನೆಯ ಮೇಲೆ ಹಾಕಿದ ಸಣ್ಣ ಘಟಕವಾದರೆ ಉತ್ಪಾದಿಸಿದ ಪ್ರತಿ ಯೂನಿಟ್ಟಿಗೂ 41.3 ಪೆನ್ಸ್, ಅದನ್ನು ನೀವೇ ಬಳಸಿದರೂ ಸರಿ. ಬೀದಿಗೆ ಹೋದದ್ದಕ್ಕೆ ಇನ್ನೂ 3 ಪೆನ್ಸ್. ಆದರೆ ಎಷ್ಟು ಬೀದಿಗೆ ಹೋಯಿತೆಂದು ಸಣ್ಣ ಮನೆಗಳಲ್ಲಿ ಅಳೆಯುತ್ತಿರಲಿಲ್ಲ. ಉತ್ಪಾದನೆಯ ಅರ್ಧ ಹೋಗಿದೆ ಎಂದು ಅಂದಾಜು ಕಟ್ಟಿ ಹಣ ಕೊಡುತ್ತಿದ್ದರು. ಇದರ ಅರ್ಥ ಗಮನಿಸಿ: ಒಂದು ಯೂನಿಟ್ಟನ್ನೂ ಹೊರಗೆ ಬಿಡದೆ ಎಲ್ಲವನ್ನೂ ಮನೆಯಲ್ಲೇ ಸುಟ್ಟರೂ ಆ 3 ಪೆನ್ಸ್ ತಪ್ಪುವುದಿಲ್ಲ. ಹಾಗಾದ ಮೇಲೆ ಯಾರು ಬಿಡುತ್ತಾರೆ?

ಹೀಗೆ ‘ಡೈವರ್ಟರ್’ ಎಂಬ ಪುಟ್ಟ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಹವ್ಯಾಸಿಗಳು ಮನೆಯಲ್ಲೇ ಮಾಡಿಕೊಂಡರು. ಮೀಟರಿನ ಹತ್ತಿರದ ತಂತಿಗೆ ಕೊಕ್ಕೆಯಂತೆ ಒಂದು ಸೆನ್ಸರ್ ಸಿಕ್ಕಿಸುತ್ತಾರೆ. ಕರೆಂಟು ಹೊರಮುಖವಾಗಿ ಹರಿಯತೊಡಗಿದ್ದು ಗೊತ್ತಾದ ಕೂಡಲೇ ಪೆಟ್ಟಿಗೆ ಅಷ್ಟನ್ನೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಸಿಲಿಂಡರಿನ ಕಾಯಿಲಿಗೆ ಬಿಡುತ್ತದೆ. ಕಾಯಿಲ್ 3 ಕಿಲೋವಾಟಿನದು, ಉಳಿದಿರುವುದು 700 ವಾಟ್ ಎಂದಿಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಸ್ವಿಚ್ಚು ಕರೆಂಟನ್ನು ತುಂಡು ತುಂಡು ಮಾಡಿ ಸರಾಸರಿ 700 ಬರುವಂತೆ ನೋಡಿಕೊಳ್ಳುತ್ತದೆ. ಫ್ರಿಜ್ ಶುರುವಾದರೆ ಆ ಕ್ಷಣ ಕೈ ಹಿಡಿಯುತ್ತದೆ. ಫ್ರಿಜ್ಜಿಗಾಗಲಿ ಟಿವಿಗಾಗಲಿ ಹೀಗೆ ಚೂರುಚೂರಾಗಿ ಕೊಟ್ಟರೆ ನಡೆಯದು. ರವದಿಯ ಉರಿಯಂಥ ಈ ಕರೆಂಟನ್ನು ಸಹಿಸುವುದು ನೀರೇ.

ಎಂಜಿನಿಯರುಗಳಿಗೆ ಇದು ಸರಿಬರುವುದಿಲ್ಲ. ಬಿಸಿಲಿನಿಂದ ನೇರವಾಗಿ ನೀರು ಕಾಯಿಸುವ ಫಲಕ ಬಿದ್ದ ಬಿಸಿಲಿನ ಅರ್ಧದಷ್ಟನ್ನು ಹಿಡಿಯಬಲ್ಲದು. ವಿದ್ಯುತ್ ಫಲಕ ಹಿಡಿಯುವುದು ಐದನೆಯ ಒಂದು ಪಾಲು. ಯಂತ್ರ ಓಡಿಸಬಲ್ಲ, ದೀಪ ಹೊತ್ತಿಸಬಲ್ಲ ಕರೆಂಟನ್ನು ಬರೀ ಶಾಖ ಮಾಡುವುದು ರೇಷ್ಮೆ ಸೀರೆಯಲ್ಲಿ ನೆಲ ಒರೆಸಿದಂತೆ. ತಾತ್ವಿಕವಾಗಿ ಅವರ ಮಾತು ಸರಿ. ಆದರೆ ರೇಷ್ಮೆ ಅಗ್ಗವಾಗಿ, ಉಟ್ಟುಕೊಳ್ಳುವವರೂ ಆ ಹೊತ್ತಿಗೆ ಸಿಗದಿದ್ದರೆ? ಬ್ರಿಟನ್ನಿನಲ್ಲೇ 2019ರ ಮಾರ್ಚ್ ಕೊನೆಗೆ ಆ ಯೋಜನೆ ಹೊಸಬರಿಗೆ ಮುಚ್ಚಿತು. ನಂತರ ಬೀದಿಗೆ ಹೋದದ್ದನ್ನು ಅಳೆದು ಹಣ ಕೊಡುವ ಪದ್ಧತಿ ಬಂತು. ಆ ದರ ಗ್ಯಾಸಿನ ದರಕ್ಕಿಂತ ಮೇಲಿರುವ ಮನೆಗಳಲ್ಲಿ ಕರೆಂಟು ಮಾರಿ ಗ್ಯಾಸಿನಿಂದ ನೀರು ಕಾಯಿಸುವುದೇ ಲಾಭ. ಅದೇ ಫಲಕ, ಅದೇ ಬಿಸಿಲು. ನಿನ್ನೆಯ ಹೆಚ್ಚುವರಿ ಇವತ್ತು ಸರಕು. ನಿಯಮದ ಒಂದು ಸಾಲು ಬದಲಾಯಿತು, ಅಷ್ಟೇ.

ಇತ್ತ ಗಡಿಯಾರವೂ ತಿರುಗಿದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2020ರ ಅಕ್ಟೋಬರ್ 11ರಂದು ಸುಮಾರು ಒಂದು ಗಂಟೆ ಕಾಲ ಇಡೀ ರಾಜ್ಯದ ಬೇಡಿಕೆಯನ್ನು ಸೌರ ವಿದ್ಯುತ್ತೇ ಪೂರೈಸಿತು, ಅದರಲ್ಲಿ ಮುಕ್ಕಾಲಕ್ಕೂ ಹೆಚ್ಚು ಮನೆಯ ತಾರಸಿಗಳದ್ದು. ಅಲ್ಲಿ ವಿದ್ಯುತ್ ಜಾಲದ ಕಂಪನಿ ಅದೇ ವರ್ಷ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಅಗ್ಗದ ದರ ತಂದು ಅದಕ್ಕೆ ‘ಸೌರ ಸ್ಪಂಜು’ ಎಂದು ಹೆಸರಿಟ್ಟಿತು. ತಲೆಮಾರುಗಳಿಂದ ನಡುರಾತ್ರಿ ಕಾಯುತ್ತಿದ್ದ ಟ್ಯಾಂಕುಗಳನ್ನು ನಡುಹಗಲಿಗೆ ಎಳೆದುಕೊಂಡರು. ಫ್ರಾನ್ಸ್ ಕೂಡ 2025ರ ನವೆಂಬರ್‌ನಿಂದ ತನ್ನ ಅಗ್ಗದ ಗಂಟೆಗಳಲ್ಲಿ ಕೆಲವನ್ನು ಮಧ್ಯಾಹ್ನಕ್ಕೆ ಸರಿಸತೊಡಗಿದೆ. ಟ್ಯಾಂಕು ಮಾತ್ರ ಇದ್ದಲ್ಲೇ ಇದೆ.

ನಮ್ಮಲ್ಲಿ? ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ಸಹಾಯಧನ ಪಡೆಯದ ತಾರಸಿ ಘಟಕಗಳಿಗೆ ನಿಗದಿಪಡಿಸಿದ ದರ ಯೂನಿಟ್ಟಿಗೆ 9.56 ರೂಪಾಯಿ. ಆ ದರದಲ್ಲಿ ಮೀಯುವ ನೀರು ಕಾಯಿಸುವವನು ಹುಚ್ಚ. ಮುಂದಿನ ಆದೇಶಗಳಲ್ಲಿ ಹೊಸ ಘಟಕಗಳ ದರ ಅದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ನೆಟ್ ಮೀಟರಿಂಗ್ ಇರುವ ಕಡೆ ಹಗಲು ಕೊಟ್ಟ ಯೂನಿಟ್ಟನ್ನು ರಾತ್ರಿ ವಾಪಸು ಪಡೆಯಬಹುದು, ಗ್ರಿಡ್ಡೇ ಹಂಡೆ. ಅಂಥವರಿಗೆ ಡೈವರ್ಟರಿನ ಅಗತ್ಯವಿಲ್ಲ. ಅಗತ್ಯವಿರುವುದು ಗ್ರಿಡ್ಡಿಗೆ ಕೊಡುವ ಏರ್ಪಾಡಿಲ್ಲದೆ ಬ್ಯಾಟರಿ ಇಟ್ಟುಕೊಂಡವರಿಗೆ. ಬ್ಯಾಟರಿ ತುಂಬಿದ ಮೇಲೆ ಅವರ ಫಲಕ ಸುಮ್ಮನೆ ಬಿಸಿಲು ಕಾಯುತ್ತ ಕೂರುತ್ತದೆ.

2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮ ಈ ಮಾತನ್ನು ಫಲಕವಿಲ್ಲದವರ ಮನೆಗೂ ತಂದಿದೆ. ದಿನದ ‘ಸೌರ ಗಂಟೆ’ಗಳಲ್ಲಿ ಕರೆಂಟಿನ ದರ ಮಾಮೂಲಿಗಿಂತ ಕನಿಷ್ಠ 20 ಶೇಕಡ ಕಡಿಮೆ ಇರಬೇಕು, ಕೃಷಿ ಬಿಟ್ಟು ಉಳಿದ ಗ್ರಾಹಕರಿಗೆಲ್ಲ 2025ರ ಏಪ್ರಿಲ್ ಗಡುವು. ಸ್ಮಾರ್ಟ್ ಮೀಟರ್ ಇಲ್ಲದೆ ಇದು ನಡೆಯದು, ರಾಜ್ಯಗಳ ವೇಗವೂ ಒಂದೇ ಥರ ಇಲ್ಲ. ಮಹಾರಾಷ್ಟ್ರದಲ್ಲಿ ಅಂಥ ಮೀಟರ್ ಇರುವ ಮನೆಗಳಿಗೆ 2025ರಿಂದ ಹಗಲಿನ ರಿಯಾಯಿತಿ ಸಿಗುತ್ತಿದೆ. ಆದರೆ ಮುಂಬಯಿಯ ಫ್ಲ್ಯಾಟಿನಲ್ಲಿ ಅದನ್ನು ಹಿಡಿಯುವುದು ಯಾವುದರಲ್ಲಿ? 3 ಲೀಟರಿನ ಇನ್‌ಸ್ಟಂಟ್ ಗೀಸರ್ ಏನನ್ನೂ ಇಟ್ಟುಕೊಳ್ಳುವುದಿಲ್ಲ. 25 ಲೀಟರಿನದು 60 ಡಿಗ್ರಿಗೆ ಕಾದರೂ ಹಿಡಿಯುವುದು ಸುಮಾರು 1 ಯೂನಿಟ್. ಮಧ್ಯಾಹ್ನ ಕಾಯಿಸಿದ್ದು ಮರುದಿನ ಬೆಳಗಿನ ಸ್ನಾನದ ಹೊತ್ತಿಗೆ ಸಾಕಷ್ಟು ಆರಿರುತ್ತದೆ. ಚದರಡಿಗೆ ಬೆಲೆ ಕಟ್ಟುವ ಊರಿನಲ್ಲಿ ಹಂಡೆಗೆ ಜಾಗ ಕೊಡುವವರು ಯಾರು?

ಬೆಂಗಳೂರಿನ ಹಳೆಯ ಬಡಾವಣೆಗಳದ್ದು ಬೇರೆ ಕಥೆ. ಊರಿಗೆ ಊರೇ ಬೆಳಿಗ್ಗೆ ಆರಕ್ಕೆ ಗೀಸರ್ ಹಾಕುವುದರಿಂದ ಏಳುತ್ತಿದ್ದ ಬೇಡಿಕೆಯನ್ನು ತಗ್ಗಿಸಲು ಬೆಸ್ಕಾಂ ಸೋಲಾರ್ ನೀರೊಲೆ ಹಾಕಿದವರ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟಿತು, ಹೊಸ ಮನೆಗಳಿಗೆ ಅದನ್ನು ಕಡ್ಡಾಯವೂ ಮಾಡಿತು. ಹಾಗಾಗಿ ಆ ತಾರಸಿಗಳ ಮೇಲೆ ಹೊದಿಕೆ ಹೊದಿಸಿದ 100, 200 ಲೀಟರಿನ ಟ್ಯಾಂಕುಗಳು ಈಗಲೂ ಕೂತಿವೆ. 200 ಲೀಟರಿನದಕ್ಕೆ 8 ಯೂನಿಟ್ ಹಿಡಿಯುವ ಶಕ್ತಿ ಇದೆ, ಆ ಇಂಗ್ಲಿಷ್ ಸಿಲಿಂಡರಿನಷ್ಟೇ. ಬಹಳಷ್ಟರೊಳಗೆ ಮಳೆಗಾಲಕ್ಕೆಂದು ಒಂದು ಕಾಯಿಲ್ ಇರುತ್ತದೆ, ಅದರ ಸ್ವಿಚ್ಚು ಕೆಳಗೆ ಬಚ್ಚಲಿನ ಪಕ್ಕ. ಮೋಡ ಮುಚ್ಚಿದ ದಿನಗಳಲ್ಲಿ ಅದನ್ನು ಬೆಳಿಗ್ಗೆ ಐದಕ್ಕೆ ಎದ್ದು ಹಾಕುತ್ತಾರೆ. ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ತಾನೇ ಹಾಕಿಕೊಳ್ಳುವಂತೆ ಮಾಡಲು ಒಂದು ಟೈಮರ್ ಸಾಕು.