ಹರಿದ್ವಾರದ ಸ್ನಾನಘಟ್ಟವೂ ಯಾತ್ರಿಕರ ಯೋಗಕ್ಷೇಮವೂ

ಮನೆಗೆ ಬಂದ ಅತಿಥಿಯನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತು ವಿಧಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಒಬ್ಬಿಬ್ಬರ ವಿಷಯದಲ್ಲಿ ಈ ಧರ್ಮವನ್ನು ನಡೆಸುವುದು ಗೃಹಸ್ಥನಿಗೆ ಕಷ್ಟವಲ್ಲ. ಆದರೆ ಒಂದೇ ದಿನ ಒಂದೇ ಸ್ಥಳದಲ್ಲಿ ಲಕ್ಷಾಂತರ ಜನರು ನೆರೆದಾಗ ಅವರ ಪ್ರಾಣಕ್ಕೆ ಹೊಣೆಗಾರರು ಯಾರು? ಆ ಹೊಣೆಯನ್ನು ನಿರ್ವಹಿಸುವ ಬಗೆ ಹೇಗೆ? ಹರಿದ್ವಾರದ ಕುಂಭಮೇಳದ ಚರಿತ್ರೆಯಲ್ಲಿ ಇದಕ್ಕೆ ವಿಚಾರಾರ್ಹವಾದ ಉತ್ತರವು ದೊರೆಯುತ್ತದೆ.

1820ನೆಯ ಇಸವಿಯ ಕುಂಭದ ಕಾಲಕ್ಕೆ ಅಲ್ಲಿ ಗಂಗೆಗೆ ಇಳಿಯುವ ದಾರಿಯು ಬಹಳ ಇಕ್ಕಟ್ಟಾಗಿತ್ತು. ಪುಣ್ಯಕಾಲವು ಮೀರೀತೆಂಬ ಆತುರದಿಂದ ಜನರೆಲ್ಲರೂ ಒಮ್ಮೆಗೇ ನುಗ್ಗಲು, ಸುಮಾರು 430 ಮಂದಿ ತುಳಿತಕ್ಕೆ ಸಿಕ್ಕಿ ಅಸುನೀಗಿದರು. ಕಾವಲಿಗಿದ್ದ ಸಿಪಾಯಿಗಳಲ್ಲಿಯೂ ಕೆಲವರು ಮಡಿದರು. ಈ ದುರಂತದ ತರುವಾಯ ಸರ್ಕಾರದವರು 100 ಅಡಿ ಅಗಲವಾಗಿ 60 ಮೆಟ್ಟಿಲುಗಳ ಸೋಪಾನವನ್ನು ಕಟ್ಟಿಸಿದರು. ಜನರ ಭಕ್ತಿಯನ್ನು ಹಳಿಯದೆ ದಾರಿಯನ್ನು ವಿಸ್ತರಿಸಿದ ಈ ಕಾರ್ಯವು ಶ್ಲಾಘ್ಯವಾದುದು.

ಆದರೆ ಜನಸಂದಣಿಗೆ ಶತ್ರುಗಳು ಅನೇಕ. 1867ರ ಏಪ್ರಿಲ್ ತಿಂಗಳ ಕುಂಭಕ್ಕೆ ಸುಮಾರು 30 ಲಕ್ಷ ಜನರು ಬಂದಿದ್ದರೆಂದು ಅಂದಿನ ಅಂದಾಜು. ನದಿಯುದ್ದಕ್ಕೂ ಒಂಬತ್ತು ಮೈಲಿಗಳವರೆಗೆ ಬಿಡಾರಗಳು ಹರಡಿದ್ದುವು. ಸ್ನಾನಕ್ಕೆಂದು 650 ಅಡಿ ಉದ್ದ, 30 ಅಡಿ ಅಗಲದ ಸ್ಥಳವನ್ನು ಗುರುತಿಸಿ, ಯಾತ್ರಿಕರು ಆಳವಾದ ನೀರಿಗೆ ಹೋಗದಂತೆ ಕಟಕಟೆಯನ್ನು ಹಾಕಿದ್ದರು. 11ನೆಯ ತಾರೀಖಿನ ರಾತ್ರಿ ಭಾರಿ ಮಳೆ ಸುರಿಯಿತು. ನೆರಳಿಲ್ಲದ ಜನರು ತೊಯ್ದು ನಡುಗಿದರು. ಮರುದಿನ ಅದೇ ಕಟಕಟೆಯೊಳಗೆ ಮುಂಜಾವಿನಿಂದ ಸೂರ್ಯಾಸ್ತದವರೆಗೂ ಸ್ನಾನವು ನಡೆಯಿತು. ಅಸಂಖ್ಯ ಜನರ ಮೈಮಲಿನದಿಂದಲೂ ವಿಸರ್ಜಿಸಿದ ಚಿತಾಭಸ್ಮದಿಂದಲೂ ಅಲ್ಲಿಯ ನೀರು ಮಂದವಾಗಿ ಕದಡಿತ್ತು. ಅದನ್ನೇ ಎಲ್ಲರೂ ತೀರ್ಥವೆಂದು ಪ್ರಾಶನಮಾಡಿದರು.

13ನೆಯ ತಾರೀಖು ವಾಂತಿಭೇದಿಯ ರೋಗಿಗಳು ಆಸ್ಪತ್ರೆಗೆ ಬಂದರು. 15ರ ವೇಳೆಗೆ ಮೇಳವು ಚದುರಿತು. ಊರಿಗೆ ಮರಳುತ್ತಿದ್ದ ಯಾತ್ರಿಕರೊಡನೆ ವ್ಯಾಧಿಯೂ ಹೊರಟು, ದಾರಿಯ ಊರುಗಳನ್ನು ಹಿಡಿದು, ಪಂಜಾಬನ್ನು ವ್ಯಾಪಿಸಿ, ಮೇ ತಿಂಗಳಲ್ಲಿ ಪೇಷಾವರವನ್ನು ಮುಟ್ಟಿತು. ಮೇಳಕ್ಕೆ ಹೋಗದೆ ಮನೆಯಲ್ಲಿದ್ದವರೂ ಅದಕ್ಕೆ ಬಲಿಯಾದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮುಳುಗಿ ಸಾಯುವುದನ್ನು ತಪ್ಪಿಸಲು ಹಾಕಿದ ಕಟಕಟೆಯೇ ಜನರನ್ನು ಕೆಟ್ಟ ನೀರಿನಲ್ಲಿ ಒತ್ತಾಗಿ ಕೂಡಿಹಾಕಿತು. ಹಾಕಿಸಿದವರಲ್ಲಿ ದುರುದ್ದೇಶವಿರಲಿಲ್ಲ. ಕೆಟ್ಟ ನೀರಿನಿಂದ ಈ ವ್ಯಾಧಿಯು ಹರಡುವುದೆಂದು ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯರು 1854ರಲ್ಲಿಯೇ ತೋರಿಸಿದ್ದರೂ ಅದನ್ನು ನಂಬಿದವರು ಸ್ವಲ್ಪ ಮಂದಿ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖರು ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ರೋಗಾಣುವನ್ನು ಕಂಡ ಮೇಲೆ ಸಂಶಯವು ಕ್ರಮೇಣ ಕರಗಿತು.

ಶುದ್ಧೀಕರಿಸಿದ ನೀರು, ಲಸಿಕೆ, ಶೌಚವ್ಯವಸ್ಥೆ ಇವುಗಳಿಂದ ವಾಂತಿಭೇದಿಯ ಭಯವು ಈಗ ಬಹಳ ಮಟ್ಟಿಗೆ ತಗ್ಗಿದೆ. ಹಳೆಯ ಶತ್ರುವಾದ ನೂಕುನುಗ್ಗಲು ಮಾತ್ರ ಉಳಿದಿದೆ. 1954ರ ಮೌನಿ ಅಮಾವಾಸ್ಯೆಯಂದು ಪ್ರಯಾಗದಲ್ಲಿ ನೂರಾರು ಮಂದಿ ಮಡಿದರು. 2025ರ ಜನವರಿ 29ರಂದು, ಅದೇ ಪರ್ವದಲ್ಲಿ, ಅಲ್ಲಿಯೇ ಮತ್ತೆ ಜನರು ತುಳಿತಕ್ಕೆ ಸಿಕ್ಕಿದರು. ಅದೇ ವರ್ಷದ ಜೂನ್ 4ರಂದು ನಮ್ಮ ಬೆಂಗಳೂರಿನಲ್ಲಿ, ಕ್ರಿಕೆಟ್ ವಿಜಯೋತ್ಸವವನ್ನು ನೋಡಲು ಹೋದವರಲ್ಲಿ 11 ಮಂದಿ ಕ್ರೀಡಾಂಗಣದ ಬಾಗಿಲುಗಳ ಬಳಿ ಪ್ರಾಣವನ್ನು ತೆತ್ತರು. 1820ರಲ್ಲಿ ಮೆಟ್ಟಿಲು ಕಿರಿದಾಗಿತ್ತೆಂಬುದನ್ನು ಬಲ್ಲ ನಮಗೆ, ಬಾಗಿಲು ಎಷ್ಟು ಜನರನ್ನು ತಾಳೀತೆಂದು ಮುಂಚೆಯೇ ಎಣಿಸುವುದು ಅಸಾಧ್ಯವೇ?

ರಥೋತ್ಸವವಾಗಲಿ, ಸಮ್ಮೇಳನವಾಗಲಿ, ಮದುವೆಯ ಸಂತರ್ಪಣೆಯಾಗಲಿ, ಕರೆಯುವವನು ಕರೆಯೋಲೆಯನ್ನು ಬರೆಯುವುದಕ್ಕೆ ಮೊದಲೇ ಬರುವ ದಾರಿ, ಹೋಗುವ ದಾರಿ, ಕುಡಿಯುವ ನೀರು, ನೆರಳು, ವೈದ್ಯರು ಇವಿಷ್ಟನ್ನೂ ಕೂಡಿಯೇ ಆಲೋಚಿಸತಕ್ಕದ್ದು. ಬಂದವರು ಕ್ಷೇಮವಾಗಿ ತಮ್ಮ ಮನೆಯ ಹೊಸಲನ್ನು ಮುಟ್ಟಿದಾಗಲೇ ಆತಿಥ್ಯವು ಮುಗಿಯುತ್ತದೆ.