‘ಇತಿಹಾಸ-ಪೌರನೀತಿ’: ಒಂದು ಶಿಕ್ಷಕ ಪದವಿಯ ಕಾಲನಿರ್ಣಯದ ಪ್ರಶ್ನೆ

ಕರ್ನಾಟಕದಲ್ಲಿ ಪ್ರೌಢಶಾಲೆಯ ಇತಿಹಾಸ ಶಿಕ್ಷಕರನ್ನು ತಯಾರು ಮಾಡುವ ವಿಶ್ವವಿದ್ಯಾಲಯ ಪದವಿ ಯಾವಾಗ ಹುಟ್ಟಿತು ಎಂದು ಕೇಳಿದರೆ 1963 ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ವರ್ಷ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ ಆರಂಭವಾಯಿತು. ವಿಷಯವನ್ನೂ ಬೋಧನಾಕ್ರಮವನ್ನೂ ನಾಲ್ಕು ವರ್ಷ ಜೊತೆಜೊತೆಯಾಗಿ ಕಲಿಸುವ ಪದವಿ ಅಲ್ಲಿ ಬಂತು. ಆದ್ದರಿಂದ ಇತಿಹಾಸ ಶಿಕ್ಷಕರ ಪದವಿಯ ಹುಟ್ಟುವರ್ಷವೂ ಅದೇ. ವಿಚಾರಸಂಕಿರಣಗಳಲ್ಲಿ ಈ ವಾದವನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ಮೊದಲೆರಡು ಮಾತು ನಿಜ, ಮೂರನೆಯದು ತಪ್ಪು.

ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಈ ಕಾಲೇಜುಗಳನ್ನು ಕಟ್ಟಿದ್ದು ಬಹೂದ್ದೇಶ ಶಾಲೆಗಳಿಗಾಗಿ. ಆ ಶಾಲೆಗಳು 1952-53ರ ಮುದಲಿಯಾರ್ ಆಯೋಗದ ಶಿಫಾರಸಿನ ಕೂಸುಗಳು. ಅವುಗಳಿಗೆ ಕೊರತೆಯಾಗಿದ್ದವರು ವಿಜ್ಞಾನ, ತಂತ್ರಜ್ಞಾನ, ವಾಣಿಜ್ಯ, ಕೃಷಿ ಕಲಿಸುವವರು. ಇತಿಹಾಸದ ಮೇಷ್ಟರ ಕೊರತೆ ನೀಗಿಸಲು ಯಾರೂ ಕಾಲೇಜು ಕಟ್ಟಲಿಲ್ಲ. ಅಷ್ಟೇ ಅಲ್ಲ, ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಪೌರನೀತಿಗಳನ್ನು ‘ಸಮಾಜ ಪರಿಚಯ’ ಎಂಬ ಒಂದೇ ವಿಷಯವಾಗಿ ನೋಡಬೇಕು ಎಂದದ್ದೂ ಅದೇ ಆಯೋಗ. ಇತಿಹಾಸ ಶಿಕ್ಷಕರು ಎಂಬ ಪ್ರತ್ಯೇಕ ಗುರುತನ್ನು ಕರಗಿಸಿದ ಚಿಂತನೆಯನ್ನೇ ಆ ಗುರುತಿನ ತಾಯಿ ಎನ್ನುವುದು ಆಧಾರವನ್ನು ತಲೆಕೆಳಗಾಗಿ ಓದಿದಂತೆ. (ನಾಲ್ಕು ವರ್ಷದ ಸಂಯೋಜಿತ ಕೋರ್ಸಿನಲ್ಲೂ ಮೈಸೂರು ಮೊದಲಲ್ಲ, ಕುರುಕ್ಷೇತ್ರದಲ್ಲಿ ಅದು 1960ರಲ್ಲೇ ಶುರುವಾಗಿತ್ತು.)

ಹಳೆಯ ರೋಣ ತಾಲ್ಲೂಕಿನ ಊರಾದ ಮುಶಿಗೇರಿಯ ಕಡೆಯಿಂದ ನೋಡಿದರೆ ತಪ್ಪು ಇನ್ನಷ್ಟು ನಿಚ್ಚಳ. ರೋಣ ತಾಲ್ಲೂಕು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಇಲ್ಲಿಯ ಹುಡುಗ ಇತಿಹಾಸ ಓದಲು ಹೋಗಬೇಕಾದದ್ದು 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೆ. ಸಿಗುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯದ ಪದವಿ. ಪ್ರೌಢಶಾಲಾ ಶಿಕ್ಷಕರ ತರಬೇತಿಗೆ 1906ರ ಸೆಕೆಂಡರಿ ಟ್ರೇನಿಂಗ್ ಕಾಲೇಜು ಇದ್ದದ್ದೂ ಮುಂಬಯಿಯಲ್ಲೇ. 1949ರಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ ಈ ದಾರಿಯನ್ನು ಹತ್ತಿರ ಮಾಡಿತು. ಮೊದಲು ಬಿ.ಎ., ಆಮೇಲೆ ಬಿ.ಟಿ. ಅಥವಾ ಬಿ.ಎಡ್.: ಎರಡು ಪದವಿ ಸೇರಿಯೇ ಇತಿಹಾಸ ಶಿಕ್ಷಕರಾಗುತ್ತಿದ್ದರು. ಒಂದೇ ಪ್ರಮಾಣಪತ್ರ ಹುಡುಕುವವರಿಗೆ ಈ ಜೋಡಿ ಕಾಣದಿರುವುದು ಸಹಜ.

ಆದರೆ ಬಿ.ಎಡ್. ಎಂಬ ಹೆಸರಿನಲ್ಲಿ ಇತಿಹಾಸವಿಲ್ಲ. ಅದು ಇರುವುದು ಒಳಗಿನ ಮೆಥಡ್ ಪತ್ರಿಕೆಯಲ್ಲಿ, ಅದೂ ‘ಇತಿಹಾಸ-ಪೌರನೀತಿ’ ಎಂಬ ಜೋಡಿಹೆಸರಿನಲ್ಲಿ. ಈ ಅಡ್ಡಗೆರೆಯೇ ಇತಿಹಾಸದ ಅವನತಿಗೆ ಸಾಕ್ಷಿ ಎನ್ನುವವರಿದ್ದಾರೆ. ಬಹುಕಾಲ ನಾನೂ ಹಾಗೆಯೇ ತಿಳಿದಿದ್ದೆ. ಆ ನಿಲುವನ್ನು ಬಿಡುವಂತೆ ಮಾಡಿದ್ದು ಸೂಡಿಯ ಶಾಸನ.

ಹಳೆಯ ರೋಣ ತಾಲ್ಲೂಕಿಗೇ ಸೇರಿದ್ದ ಸೂಡಿಯ ಶಾಸನಗಳನ್ನು ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ 1050ರ ಆಸುಪಾಸಿನದೊಂದು. ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದ ಅಕ್ಕಾದೇವಿ, ಒಂದನೆಯ ಸೋಮೇಶ್ವರನ ಸೋದರತ್ತೆ, ಸೂಡಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಊರಿನ ಕಟ್ಟುಪಾಡನ್ನು ಮರಳಿ ಕೊಟ್ಟ ದಾಖಲೆ ಅದು. ಪಾಠಗಳಲ್ಲಿ ಇದು ‘ಚಾಲುಕ್ಯರ ಆಡಳಿತ’ದ ಒಂದು ಸಾಲಾಗಿ, ಅರಸುಮನೆಯ ಔದಾರ್ಯವಾಗಿ ಮುಗಿದುಹೋಗುತ್ತದೆ. ನನ್ನ ತಕರಾರು ಇಲ್ಲಿದೆ. ಒಮ್ಮೆ ಇದ್ದದ್ದನ್ನು ಮಾತ್ರ ಮರಳಿ ಕೊಡಲು ಸಾಧ್ಯ. ಅಂದರೆ ಅಕ್ಕಾದೇವಿಗಿಂತ ಮುಂಚೆಯೇ ಸೂಡಿಗೆ ತನ್ನದೇ ಸಂಘಟನೆ, ತನ್ನದೇ ಹಕ್ಕು ಇತ್ತು, ಅದು ಕುಸಿದಿತ್ತು, ಅದನ್ನು ಎತ್ತಿ ನಿಲ್ಲಿಸುವಾಗ ಆಳುವವಳು ಊರಿನವರನ್ನು ಲೆಕ್ಕ ಹಿಡಿದು ಹೆಸರಿಸಬೇಕಾಯಿತು. ಇದು ಇತಿಹಾಸವೋ ಪೌರನೀತಿಯೋ? ಎರಡೂ. ಅಡ್ಡಗೆರೆಯ ಎರಡು ಬದಿಗೂ ಈ ಕಲ್ಲು ಹೊಂದುತ್ತದೆ. ಎಂಟು ಮತ್ತು ಎಂಬತ್ತರ ಲೆಕ್ಕದಾಚೆ ಉಳಿದವರು ಯಾರು ಎಂಬ ಪ್ರಶ್ನೆಯನ್ನು ಎತ್ತಲು ಒಂಬತ್ತನೆಯ ತರಗತಿಯ ಮಕ್ಕಳಿಗೆ ಎರಡು ನಿಮಿಷ ಸಾಕು.

ಹಾಗಾದರೆ ಪದವಿಯ ನಿಜವಾದ ದೋಷ ವಿಷಯಗಳ ಬೆರಕೆಯಲ್ಲ. ‘ಆಕರ ವಿಧಾನ’ ಎಂಬ ಶೀರ್ಷಿಕೆ ಮೆಥಡ್ ಪುಸ್ತಕಗಳಲ್ಲಿ ತಪ್ಪದೆ ಇರುತ್ತದೆ. ಆಕ್ಸ್‌ಫರ್ಡಿನ ಕೀಟಿಂಜ್ 1910ರಲ್ಲಿ ಪ್ರಕಟಿಸಿದ ಇತಿಹಾಸ ಬೋಧನೆಯ ಪುಸ್ತಕದಿಂದ ಬಲ ಪಡೆದ ವಿಚಾರವದು. ಆದರೆ ನಮ್ಮಲ್ಲಿ ಅದು ಗುಣ-ದೋಷಗಳ ಪಟ್ಟಿಯಾಗಿ ಬಾಯಿಪಾಠಕ್ಕೆ ಇಳಿಯಿತು. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ. ಪಂಚಮುಖಿಯವರು ಅದರ ಮೊದಲ ನಿರ್ದೇಶಕರು. ಮುಂದೆ ಅದು ವಿಶ್ವವಿದ್ಯಾಲಯಕ್ಕೇ ಸೇರಿತು. ಶಾಸನ ಓದುವವರೂ ಶಿಕ್ಷಕರನ್ನು ತಯಾರು ಮಾಡುವವರೂ ಒಂದೇ ಊರಲ್ಲಿದ್ದರು. (ಆ ಸಂಸ್ಥೆಯ ಪ್ರಕಟಣೆಗಳಿಂದಲೇ ಇತಿಹಾಸ ಕಲಿತವನು ನಾನು, ನನ್ನ ಮಾತಿನಲ್ಲಿ ಪಕ್ಷಪಾತ ಕಂಡರೆ ಒಪ್ಪಿಕೊಳ್ಳುತ್ತೇನೆ.) ಲೆಸನ್ ಪ್ಲ್ಯಾನಿನ ಪೀಠಿಕೆ, ಉದ್ದೇಶ ಕಥನ, ವಿಷಯ ನಿರೂಪಣೆಗಳ ನಡುವೆ ಒಂದು ಶಾಸನದ ಪಡಿಯಚ್ಚಿಗೆ ಜಾಗ ಮಾಡಿದ್ದರೆ ಕ್ರಿಟಿಸಿಸಂ ಲೆಸನ್ನಿನ ಚರ್ಚೆಯೇ ಬೇರೆಯಾಗುತ್ತಿತ್ತು.

2015ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ, 2014ರ ನಿಯಮದಂತೆ ಕನಿಷ್ಠ 20 ವಾರ ಶಾಲೆಗಳಲ್ಲಿ ಕಳೆಯಬೇಕು. ಮುಗಿಸಿ ಬಂದವರು ‘ಕಲಾ ಶಿಕ್ಷಕ’ ಹುದ್ದೆಗೆ ಸೇರಿ, ಇತಿಹಾಸದ ಜೊತೆ ರಾಜ್ಯಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನವನ್ನೂ ಕಲಿಸುತ್ತಾರೆ. ಆ 20 ವಾರವನ್ನು ಮುಶಿಗೇರಿ ಸೀಮೆಯಲ್ಲಿ ಕಳೆಯುವ ಪ್ರಶಿಕ್ಷಣಾರ್ಥಿಯನ್ನು ಒಂದು ದಿನ ಸೂಡಿಗೆ ಕಳಿಸಲು ಹೊಸ ನಿಯಮವೇನೂ ಬೇಕಿಲ್ಲ. 1963 ವಿಜ್ಞಾನ ಶಿಕ್ಷಕರ ಪದವಿಯ ಚರಿತ್ರೆಯಲ್ಲಿ ಇರಲಿ. ಇತಿಹಾಸ ಶಿಕ್ಷಕರ ಪದವಿಯ ಕಾಲನಿರ್ಣಯ ಮಾಡಹೊರಟವರು ಮೆಥಡ್ ಪತ್ರಿಕೆಯ ಹಳೆಯ ಪಠ್ಯಕ್ರಮಗಳನ್ನು ಒಂದೊಂದಾಗಿ ತೆರೆದು, ಆಕರವೊಂದನ್ನು ಪ್ರಶಿಕ್ಷಣಾರ್ಥಿಯ ಕೈಗೆ ಕೊಟ್ಟದ್ದು ಯಾವಾಗ ಎಂದು ಹುಡುಕಲಿ.