ಕಾಸ್ಟ್ಯೂಮ್ ಒಳಗೆ ಏನು, ಮೇಲೆ ಏನು? ಕಡಲಿಗಿಳಿಯುವ ಮೊದಲು ತಿಳಿದಿರಬೇಕಾದ ಬಟ್ಟೆ ಲೆಕ್ಕ

ಕುಂದಾಪುರ: ತ್ರಾಸಿ, ಮರವಂತೆ, ಮಲ್ಪೆ, ಪಡುಬಿದ್ರಿ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಯಾವ ಭಾನುವಾರ ಹೋದ್ರೂ ಒಂದೇ ನೋಟ. ಮಗುವಿಗೆ ಹೊಸದಾಗಿ ತಂದ ತುಂಬು ತೋಳಿನ ಕಾಸ್ಟ್ಯೂಮ್, ಅದರ ಮೇಲೆ "ಬಿಸಿಲು ಜಾಸ್ತಿ ಇದೆ" ಅಂತ ಒಂದು ಕಾಟನ್ ಟೀ ಶರ್ಟ್. ಅಮ್ಮನಿಗೆ ಈಜುಡುಗೆ, ಅದರ ಮೇಲೆ ಚೂಡಿದಾರದ ಟಾಪ್, ಟಾಪಿನ ಮೇಲೆ ಶಾಲು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಗುವಿನ ಟೀ ಶರ್ಟ್ ಮೊಣಕಾಲಿಗೆ ಜೋತು ಬಿದ್ದಿರುತ್ತೆ. ಅಮ್ಮನ ಶಾಲು ತೆರೆಯ ಜೊತೆ ಹೋಗಿ ವಾಪಸ್ ಬರುವಾಗ ಕಾಲಿಗೆ ಸುತ್ತಿಕೊಂಡಿರುತ್ತೆ.

ಬಿಸಿಲು ತಡೆಯುವ ಈಜುಡುಗೆ ಈಗ ನಮ್ಮ ಪೇಟೆಯ ಅಂಗಡಿಗಳಿಗೂ ಬಂದಿದೆ. ತೋಳು ಪೂರ್ತಿ ಮುಚ್ಚುವ, ಕುತ್ತಿಗೆವರೆಗೆ ಬರುವ, ಮೈಗೆ ಅಂಟಿ ಕೂರುವ ನೈಲಾನ್ ಅಥವಾ ಪಾಲಿಯೆಸ್ಟರ್ ಅಂಗಿ. ಇದಕ್ಕೆ ರ್‍ಯಾಶ್ ಗಾರ್ಡ್ ಅಂತಲೂ ಹೇಳ್ತಾರೆ. ಸರ್ಫಿಂಗ್ ಮಾಡುವವರು ಹಲಗೆ ಉಜ್ಜಿ ಎದೆಯ ಚರ್ಮ ಕೆತ್ತಿ ಹೋಗದಿರಲಿ ಅಂತ ತೊಡುತ್ತಿದ್ದ ಅಂಗಿಯೇ ಇದು. ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಯುವವರ ಮೈಮೇಲೆ ನೋಡಿರುತ್ತೀರಿ.

ಜನ ಎಡವುವುದು ಅಂಗಿಯಲ್ಲಿ ಅಲ್ಲ, ಅದರ ಜೊತೆ ಹಾಕಿಕೊಳ್ಳುವ ಬಟ್ಟೆಯಲ್ಲಿ. ಬಿಸಿಲು ತಡೆಯುವ ಕೆಲಸವನ್ನು ಆ ಒಂದು ಅಂಗಿಯೇ ಮಾಡಿ ಮುಗಿಸುತ್ತೆ. ಅದರ ಒಳಗೆ, ಮೇಲೆ ಇನ್ನೊಂದು ಬಟ್ಟೆ ಬೇಕಾಗುವುದು ಬೇರೆ ಕಾರಣಕ್ಕೆ: ಸಂಕೋಚ, ಉಜ್ಜುವಿಕೆ, ಗಾಳಿಯ ಚಳಿ. ಹಾಗಾಗಿ ಬಟ್ಟೆ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ. ಒದ್ದೆಯಾದ ಮೇಲೆ ಇದು ಏನಾಗುತ್ತೆ?

ಯುಪಿಎಫ್ ಅಂದ್ರೆ ಏನು

ಕ್ರೀಮಿನ ಮೇಲೆ ಎಸ್‌ಪಿಎಫ್ ಇದ್ದ ಹಾಗೆ ಬಟ್ಟೆಯ ಮೇಲೆ ಯುಪಿಎಫ್ ಇರುತ್ತೆ. ಯುಪಿಎಫ್ 50 ಅಂದ್ರೆ ಬಟ್ಟೆಯ ಮೇಲೆ ಬಿದ್ದ ನೇರಳಾತೀತ ಕಿರಣದಲ್ಲಿ 50ರಲ್ಲಿ ಒಂದು ಪಾಲು, ಅಂದ್ರೆ ಶೇ. 2 ಮಾತ್ರ ಒಳಗೆ ಹೋಗುತ್ತೆ. ಈ ಅಳತೆಯ ಮಾನದಂಡ ಮೊದಲು ಬಂದಿದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ, 1996ರಲ್ಲಿ. ಲೇಬಲ್ಲಿನಲ್ಲಿ ಎಎಸ್/ಎನ್‌ಜಡ್‌ಎಸ್ 4399 ಅಥವಾ ಯುರೋಪಿನ ಇಎನ್ 13758 ಅಂತ ಇದ್ದರೆ ಆ ಮಾನದಂಡದಂತೆ ಪರೀಕ್ಷೆಯಾಗಿದೆ ಅಂತ ತಯಾರಕರು ಹೇಳುತ್ತಿದ್ದಾರೆ ಎಂದರ್ಥ. ಬರೀ "ಸನ್ ಪ್ರೊಟೆಕ್ಷನ್" ಅಂತ ಪ್ರಿಂಟ್ ಹಾಕಿ ಸಂಖ್ಯೆಯೇ ಕೊಡದಿದ್ದರೆ ಅದನ್ನು ಸಾಧಾರಣ ಬಟ್ಟೆ ಅಂತಲೇ ತಿಳಿಯಿರಿ.

ಇನ್ನು ನಮ್ಮ ಬಿಳಿ ಕಾಟನ್ ಟೀ ಶರ್ಟ್. ಒಣಗಿದ್ದಾಗ ಅದರ ಯುಪಿಎಫ್ ಸುಮಾರು 7. ಒದ್ದೆಯಾದರೆ 3ರ ಆಸುಪಾಸು. ಅಂದ್ರೆ ಮೂರರಲ್ಲಿ ಒಂದು ಪಾಲು ಬಿಸಿಲು ನೇರ ಚರ್ಮಕ್ಕೆ. ಮೇಲೆ ಟೀ ಶರ್ಟ್ ಹಾಕಿದ್ದೇವೆ, ಒಳಗೆ ಬನಿಯನ್ ಸಾಕು ಅನ್ನುವವರು ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು.

ನಮ್ಮ ಕರಾವಳಿಯಲ್ಲಿ ಬೇಸಿಗೆಯ ನಡುಹಗಲು ಯುವಿ ಸೂಚ್ಯಂಕ 11 ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 11ರ ಮೇಲಿನದ್ದೆಲ್ಲ ಅತಿ ತೀವ್ರ. ಒಣ ಮರಳು ಶೇ. 15ರಷ್ಟನ್ನು, ನೊರೆ ತೆರೆ ಶೇ. 25ರಷ್ಟನ್ನು ವಾಪಸ್ ಮುಖಕ್ಕೆ ಎಸೆಯುತ್ತೆ. ನೀರಿನಲ್ಲಿ ಮುಳುಗಿದ್ದೇವೆ, ತಂಪಾಗಿದೆ ಅಂದುಕೊಂಡರೆ ಅದೂ ತಪ್ಪೇ, ಅರ್ಧ ಮೀಟರ್ ಆಳದಲ್ಲೂ ಮೇಲ್ಮೈಯ ಶೇ. 40ರಷ್ಟು ಕಿರಣ ಇರುತ್ತೆ. ಇನ್ನೊಂದು ಮಾತು. ನಮ್ಮ ಗಡಿಯಾರದ ಸಮಯ ಪೂರ್ವದ ರೇಖಾಂಶದ್ದು, ನಾವಿರುವುದು ಪಶ್ಚಿಮ ಅಂಚಿನಲ್ಲಿ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಸುಮಾರು ಹನ್ನೆರಡೂವರೆಗೆ. "ಒಂದು ಗಂಟೆ ಆಯ್ತು, ಬಿಸಿಲು ಇಳೀತು" ಅನ್ನುವುದು ಕಡಲ ಬದಿಯಲ್ಲಿ ನಡೆಯಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವಷ್ಟು ಹೊತ್ತು ಬಿಸಿಲು ಜೋರು ಅಂತಲೇ ಲೆಕ್ಕ.

ಒಳಗೆ ಏನು ಹಾಕಬೇಕು

ಮೊದಲಿಗೆ, ಏನು ಹಾಕಬಾರದು ಅಂತ ಹೇಳಿಬಿಡ್ತೇನೆ. ಕಾಟನ್ ಬನಿಯನ್, ಕಾಟನ್ ಚಡ್ಡಿ, ದಿನನಿತ್ಯದ ಬ್ರಾ ಬೇಡ. ಕಾಟನ್ ಉಪ್ಪುನೀರು ಹೀರಿ ಬಿಡದೆ ಇಟ್ಟುಕೊಳ್ಳುತ್ತೆ, ಮರಳು ಅದರಲ್ಲಿ ಸಿಕ್ಕಿಕೊಳ್ಳುತ್ತೆ. ಮೇಲೆ ಬಿಗಿ ಅಂಗಿ ಬೇರೆ. ತೊಡೆಯ ಸಂದು, ಕಂಕುಳು, ಬ್ರಾ ಪಟ್ಟಿಯ ಕೆಳಗೆ ಉರಿ ಶುರುವಾಗುವುದು ಇಲ್ಲೇ. ಮನೆಗೆ ಬಂದು ಬಿಸಿನೀರು ಹೊಯ್ದುಕೊಂಡಾಗ ಗೊತ್ತಾಗುತ್ತೆ ಎಲ್ಲೆಲ್ಲಿ ಕೆತ್ತಿದೆ ಅಂತ.

ಹೆಂಗಸರಿಗೆ ಕೊಕ್ಕೆ, ತಂತಿ ಇಲ್ಲದ ನೈಲಾನ್ ಸ್ಪೋರ್ಟ್ಸ್ ಬ್ರಾ ಸರಿಹೋಗುತ್ತೆ. ಕೆಲವು ಕಾಸ್ಟ್ಯೂಮಿನಲ್ಲಿ ಒಳಪದರ ಹೊಲಿದೇ ಬರುತ್ತೆ, ಆಗ ಬೇರೆ ಬೇಡ. ಗಂಡಸರಿಗೆ ಸಡಿಲ ಶಾರ್ಟ್ಸ್ ಒಳಗೆ ಜಾಲರಿಯ ಒಳಚಡ್ಡಿ ಇರುತ್ತಲ್ಲ, ಅದು ಒರಟಾಗಿದ್ದರೆ ನಡೆಯುವಾಗ ತೊಡೆ ಉಜ್ಜುತ್ತೆ. ಅದರ ಬದಲು ಮೊಣಕಾಲಿನ ಸ್ವಲ್ಪ ಮೇಲಿನ ತನಕ ಬರುವ ಬಿಗಿ ಈಜುಚಡ್ಡಿ, ಮೇಲೆ ಶಾರ್ಟ್ಸ್ ಹಾಕಿದರೆ ಆರಾಮ. ಹೊಲಿಗೆ ಉಬ್ಬಿರದೆ ಚಪ್ಪಟೆ ಇದೆಯಾ ಅಂತ ಅಂಗಡಿಯಲ್ಲೇ ಒಳಮಗ್ಗುಲು ತಿರುಗಿಸಿ ಬೆರಳಾಡಿಸಿ ನೋಡಿ. ಲೇಬಲ್ ಕುತ್ತಿಗೆಗೆ ಚುಚ್ಚುವಂತಿದ್ದರೆ ಯುಪಿಎಫ್ ಸಂಖ್ಯೆ ಓದಿಟ್ಟುಕೊಂಡು ಕತ್ತರಿಸಿಬಿಡಿ.

ಮೇಲೆ ಏನು, ಅದೂ ನೀರಿನಲ್ಲಿ

ಮೈಗಂಟುವ ಬಟ್ಟೆಯಲ್ಲಿ ನಾಲ್ಕು ಜನರ ಎದುರು ನಡೆಯಲು ಮುಜುಗರ ಅನ್ನುವುದು ತೀರಾ ಸಹಜ. ಅದನ್ನು ನಗುವ ವಿಷಯ ಮಾಡಬೇಕಾಗಿಲ್ಲ. ಎಷ್ಟೋ ಹೆಂಗಸರು ಮಕ್ಕಳನ್ನು ನೀರಿಗೆ ಬಿಟ್ಟು ತಾವು ಚಪ್ಪಲಿ ಕಾಯುತ್ತಾ ಕೂರುವುದು ಇದೇ ಕಾರಣಕ್ಕೆ. ಆದರೆ ಆ ಸಂಕೋಚಕ್ಕೆ ಶಾಲು ಉತ್ತರ ಅಲ್ಲ. ಶಾಲು, ಸೀರೆ, ಅಗಲದ ಪ್ಯಾಂಟು, ಉದ್ದ ಕಾಟನ್ ಟಾಪ್ ಇವೆಲ್ಲ ನೀರಿನಲ್ಲಿ ಇರುವಾಗ ಕೈಕಾಲನ್ನು ಹಿಡಿದೆಳೆಯುತ್ತವೆ. ಎದ್ದು ನಿಲ್ಲುವಾಗ ಹೀರಿದ ನೀರಿನ ಭಾರ ಸೊಂಟಕ್ಕೆ ಬೀಳುತ್ತೆ. ತೆರೆ ವಾಪಸ್ ಹೋಗುವಾಗ ಕಾಲಡಿಯ ಮರಳೂ ಜಾರುತ್ತೆ. ಮೊಣಕಾಲು ಆಳದ ನೀರಿನಲ್ಲೂ ಬಿದ್ದವರು ಏಳಲು ಪರದಾಡುವುದು ಹೀಗೇ. ಈಜು ಬರುವವರಿಗೂ ಇದು ಕಷ್ಟವೇ.

ಅದರ ಬದಲು ಈಜುಡುಗೆಯದೇ ಬಟ್ಟೆಯಲ್ಲಿ ಮಾಡಿದ ಮೇಲಂಗಿ ತೆಗೆದುಕೊಳ್ಳಿ. ತೊಡೆಯ ನಡುವಿನ ತನಕ ಬರುವ, ಸ್ವಲ್ಪ ಸಡಿಲ ಇರುವ ಟ್ಯೂನಿಕ್, ಕೆಳಗೆ ಪಾದದ ತನಕದ ಈಜು ಲೆಗ್ಗಿಂಗ್ಸ್. ಅಥವಾ ಲೆಗ್ಗಿಂಗ್ಸ್ ಮೇಲೆ ಗಿಡ್ಡ ಸ್ವಿಮ್ ಸ್ಕರ್ಟ್. ನೀರು ಕುಡಿಯಲ್ಲ, ಹೊರಗೆ ಬಂದ ಕೂಡಲೇ ಬಸಿದು ಹೋಗುತ್ತೆ, ಮೈಯ ಆಕಾರವೂ ಎದ್ದು ಕಾಣಲ್ಲ. ಟ್ಯೂನಿಕ್ ನೀರಿನಲ್ಲಿ ಮೇಲೆ ತೇಲದಂತೆ ಒಳಗೆ ಲಾಡಿ ಅಥವಾ ಲೆಗ್ಗಿಂಗ್ಸಿಗೆ ಸಿಕ್ಕಿಸುವ ಕುಣಿಕೆ ಇರುವುದನ್ನೇ ನೋಡಿ. ತಲೆ ಮುಚ್ಚಿಕೊಳ್ಳುವವರಿಗೆ ಅಂಗಿಗೇ ಸೇರಿದ ಟೊಪ್ಪಿಯ ಉಡುಪು ಸಿಗುತ್ತೆ, ಪಿನ್ನು ಹಾಕಿ ಸ್ಕಾರ್ಫ್ ಕಟ್ಟುವ ಅಗತ್ಯವಿಲ್ಲ. ಆಸ್ಟ್ರೇಲಿಯಾದ ವಿನ್ಯಾಸಕಿ ಅಹೆದಾ ಝನೆಟ್ಟಿ 2004ರ ಹೊತ್ತಿಗೆ ಬುರ್ಕಿನಿ ರೂಪಿಸಿದ್ದು ಹೀಗೆ ಮೈ ಮುಚ್ಚಿಕೊಂಡೇ ಆಡಲು, ಈಜಲು ಬಯಸುವವರಿಗಾಗಿ. ಯಾವ ಧರ್ಮದವರೂ ಬಿಸಿಲಿಗೆಂದು ಅಂಥದ್ದನ್ನು ತೊಡಬಹುದು.

ಒಂದೇ ತುಂಡಿನ ಬೆನ್ನು ಜಿಪ್ಪಿನ ಕಾಸ್ಟ್ಯೂಮ್ ನೋಡಲು ಚೆಂದ. ಒದ್ದೆ ಮೈಯಲ್ಲಿ ಶೌಚಾಲಯಕ್ಕೆ ಹೋಗಬೇಕಾದಾಗ ಅದರ ಕಷ್ಟ ಗೊತ್ತಾಗುತ್ತೆ. ದೊಡ್ಡವರಿಗೆ ಅಂಗಿ ಬೇರೆ, ಲೆಗ್ಗಿಂಗ್ಸ್ ಬೇರೆ ಇರುವುದೇ ಅನುಕೂಲ. ಮಕ್ಕಳಿಗೆ ಮುಂದುಗಡೆ ಜಿಪ್.

ಸೇಂಟ್ ಮೇರಿಸ್ ದ್ವೀಪದ ದೋಣಿಯಲ್ಲಾಗಲಿ, ಮಲ್ಪೆಯ ನೀರಾಟದಲ್ಲಾಗಲಿ ಲೈಫ್ ಜಾಕೆಟ್ ಕೊಟ್ಟರೆ ಅದು ಎಲ್ಲಕ್ಕಿಂತ ಹೊರಗಿನ ಪದರವಾಗಿರಬೇಕು. ಅದರ ಮೇಲೆ ಶಾಲು ಹೊದ್ದುಕೊಳ್ಳುವುದು, ಶರ್ಟಿನ ಒಳಗೆ ಜಾಕೆಟ್ ಹಾಕುವುದು ಬೇಡ್ವೇ ಬೇಡ. ಬಕಲ್ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಜಾಕೆಟ್ ಕಂಕುಳಲ್ಲಿ ಉಜ್ಜುತ್ತೆ ಅಂತ ಮಕ್ಕಳು ಬಿಚ್ಚಿ ಹಾಕ್ತಾರೆ. ಒಳಗೆ ತುಂಬು ತೋಳಿನ ಅಂಗಿ ಇದ್ದರೆ ಆ ತಕರಾರು ಬಹುಮಟ್ಟಿಗೆ ಇರಲ್ಲ.

ದಡಕ್ಕೆ ಬಂದ ಮೇಲೆ ಕಾಟನ್ನಿನ ಸರದಿ

ಕಾಟನ್ ಕೆಟ್ಟದ್ದಲ್ಲ, ಅದರ ಜಾಗ ಮರಳಿನ ಮೇಲೆ. ಬಂದ ಕೂಡಲೇ ಹೊದ್ದುಕೊಳ್ಳಲು ಒಣಗಿದ ಸಡಿಲ ಕಾಟನ್ ಶರ್ಟ್, ಬದಿಗೆ ಒಂದು ಲುಂಗಿ, ಎರಡು ಬೈರಾಸು ಇರಲಿ. ಗಾಳಿಗೆ ಒದ್ದೆ ನೈಲಾನ್ ಬಲುಬೇಗ ಚಳಿ ಹಿಡಿಸುತ್ತೆ, ಸಣ್ಣ ಮಕ್ಕಳಿಗೆ ಇನ್ನೂ ಬೇಗ. ಎರಡು ದೊಡ್ಡ ಬೈರಾಸು ಜೋಡಿಸಿ, ತಲೆ ತೂರುವಷ್ಟು ಜಾಗ ಬಿಟ್ಟು, ಬದಿ ಹೊಲಿಸಿದರೆ ಒಳ್ಳೆಯ ಪೋಂಚೋ ಆಗುತ್ತೆ. ಯಾವ ಟೈಲರೂ ಹತ್ತು ನಿಮಿಷದಲ್ಲಿ ಮಾಡಿಕೊಡ್ತಾರೆ. ಅದರೊಳಗೆ ನಿಂತು ಬಟ್ಟೆ ಬದಲಿಸಬಹುದು, ಬೀಚಿನಲ್ಲಿ ಕೋಣೆ ಹುಡುಕುವ ಕೆಲಸ ಇಲ್ಲ. ಬ್ಲೂ ಫ್ಲ್ಯಾಗ್ ಸಿಕ್ಕಿದ ಪಡುಬಿದ್ರಿಯಂಥ ಬೀಚಿನಲ್ಲಿ ಕೋಣೆ ಇರುತ್ತೆ, ಉಳಿದ ಕಡೆ ತೆಂಗಿನ ಮರವೇ ಗತಿ.

ಒದ್ದೆ ಕಾಸ್ಟ್ಯೂಮ್ ಮೇಲೇ ಚೂಡಿದಾರ ಏರಿಸಿಕೊಂಡು ಬೈಕಿನಲ್ಲಿ, ಬಸ್ಸಿನಲ್ಲಿ ಮನೆ ತನಕ ಹೋಗುವವರಿದ್ದಾರೆ. ತುರಿಕೆ, ಗಜಕರ್ಣಕ್ಕೆ ಇದಕ್ಕಿಂತ ಒಳ್ಳೆ ಆಹ್ವಾನ ಇಲ್ಲ. ಸಿಹಿನೀರು ಹೊಯ್ದುಕೊಂಡು ಒಣಬಟ್ಟೆ ಹಾಕಿಯೇ ಹೊರಡಿ.

ತಲೆ, ಕಿವಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಯಾವ ಅಂಗಿಯೂ ಮುಚ್ಚಲ್ಲ. ಅಲ್ಲಿಗೆ ಕ್ರೀಮು, ಎರಡು ಗಂಟೆಗೊಮ್ಮೆ, ನೀರಿನಿಂದ ಬಂದ ಮೇಲೆ ಮತ್ತೆ. ತೆಂಗಿನೆಣ್ಣೆ ಮೈಗೆ ಒಳ್ಳೆಯದಿರಬಹುದು, ಬಿಸಿಲಿಗೆ ಕೊಡೆ ಅಲ್ಲ. ಟೊಪ್ಪಿ ಸುತ್ತಲೂ ಅಂಚು ಇರುವಂಥದ್ದು. ಕ್ರಿಕೆಟ್ ಕ್ಯಾಪ್ ಕಿವಿ ಕಾಯಲ್ಲ. ಗದ್ದೆಗೆ ಮುಟ್ಟಾಳೆ ಇಟ್ಟುಕೊಂಡು ಇಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೋಣಿಯಲ್ಲಿ ತುಂಬು ತೋಳಿನ ಅಂಗಿ ಹಾಕಿ ತಲೆಗೆ ಬಟ್ಟೆ ಸುತ್ತುವ ಮೀನುಗಾರರಿಗೂ ಅಷ್ಟೇ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಬಟ್ಟೆಯೊಂದೇ ಸಾಲದು, ನೆರಳೇ ಬೇಕು.

ಅಂಗಡಿಯವರಿಗೆ ನಾಲ್ಕು ಮಾತು

"ಮಗು ಬೆಳೆಯುತ್ತೆ, ಒಂದು ಸೈಜ್ ದೊಡ್ಡದು ಕೊಡಿ" ಅನ್ನುವ ಗಿರಾಕಿಗೆ ಇಲ್ಲಿ ಹೂಂ ಅನ್ನಬೇಡಿ. ಸಡಿಲವಾದರೆ ನೀರು ತುಂಬಿ ಉಬ್ಬುತ್ತೆ, ತೋಳು ಕೈಗಿಂತ ಕೆಳಗೆ ಜಾರುತ್ತೆ. ಹಾಗಂತ ಉಸಿರು ಕಟ್ಟುವ ಸೈಜೂ ಬೇಡ. ಬಟ್ಟೆ ಹಿಗ್ಗಿದಷ್ಟೂ ನೇಯ್ಗೆಯ ಕಂಡಿ ದೊಡ್ಡದಾಗಿ ಯುಪಿಎಫ್ ಇಳಿಯುತ್ತೆ. ಗಿರಾಕಿ ಎದುರೇ ಬಟ್ಟೆಯನ್ನು ಸ್ವಲ್ಪ ಎಳೆದು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿ. ಬೆಳಕು ಜಾಲರಿ ಹಾಗೆ ಕಂಡರೆ ಆ ಸೈಜ್ ಸಣ್ಣದು, ಇಲ್ಲವೇ ಬಟ್ಟೆ ತೆಳು.

ಬಣ್ಣದ ವಿಷಯದಲ್ಲಿ ನನಗೇ ಬುದ್ಧಿ ಬಂದದ್ದು ಅಕ್ಕನ ಮಗಳಿಂದ. ಕಡಲಿನ ಬಣ್ಣ ಅಂತ ತಿಳಿನೀಲಿ ಕಾಸ್ಟ್ಯೂಮ್ ಕೊಡಿಸಿದ್ದೆ. ತೆರೆಯಲ್ಲಿ ಹತ್ತು ಮಕ್ಕಳ ನಡುವೆ ಅವಳು ಒಂದು ಕ್ಷಣ ಕಾಣಲೇ ಇಲ್ಲ. ಆಳಕ್ಕೇನೂ ಹೋಗಿರಲಿಲ್ಲ, ನೀರಿನ ಬಣ್ಣದಲ್ಲಿ ಕರಗಿದ್ದಳು ಅಷ್ಟೇ. ಆ ಕ್ಷಣ ಎದೆ ಹೊಡೆದುಕೊಂಡದ್ದು ಇನ್ನೂ ನೆನಪಿದೆ. ಮಕ್ಕಳಿಗೆ ನೀಲಿ, ಬೂದು, ಬಿಳಿ ಬೇಡ. ಕಣ್ಣು ಕುಕ್ಕುವ ಕಿತ್ತಳೆ, ಗಿಳಿಹಸಿರು, ಗುಲಾಬಿ ಸ್ಟಾಕ್ ಇಟ್ಟುಕೊಳ್ಳಿ. ಗಿರಾಕಿ ನೀಲಿಯೇ ಕೇಳಿದರೆ ಕಾರಣ ಹೇಳಿ, ಹೇಳಿದರೆ ಬದಲಿಸ್ತಾರೆ.

ಈಜುಕೊಳಕ್ಕೆ ಹೋಗುವವರು ಮತ್ತು ಕಡಲಿಗೆ ಹೋಗುವವರು ಬೇರೆ ಬೇರೆ ಗಿರಾಕಿಗಳು. ಕೊಳದ ಕ್ಲೋರಿನ್ ಲೈಕ್ರಾವನ್ನು ತಿಂದುಬಿಡುತ್ತೆ. ವಾರಕ್ಕೆ ಮೂರು ದಿನ ಕೊಳಕ್ಕೆ ಹೋಗುವವರಿಗೆ ಪಾಲಿಯೆಸ್ಟರ್ ಜಾಸ್ತಿ ಇರುವ ಕಾಸ್ಟ್ಯೂಮ್ ಬಾಳಿಕೆ ಬರುತ್ತೆ, ವರ್ಷಕ್ಕೆ ನಾಲ್ಕು ಸಲ ಕಡಲಿಗೆ ಹೋಗುವವರಿಗೆ ಮೃದುವಾದ ನೈಲಾನ್ ಸಾಕು. ಮಾರುವಾಗಲೇ ಒಗೆಯುವ ಕ್ರಮವನ್ನೂ ಹೇಳಿ ಕಳಿಸಿ: ಬಂದ ದಿನವೇ ತಣ್ಣೀರಿನಲ್ಲಿ ಅದ್ದಿ ಉಪ್ಪು ಬಿಡಿಸುವುದು, ಹಿಂಡದೆ ಒತ್ತಿ ನೀರು ತೆಗೆಯುವುದು, ನೆರಳಿನಲ್ಲಿ ಹರವುವುದು, ಇಸ್ತ್ರಿ ಮಾಡದಿರುವುದು. ಕುಂಡಿಯ ಭಾಗ ಸವೆದು ತೆಳ್ಳಗಾದ, ಎಳೆದರೆ ವಾಪಸ್ ಕೂರದ ಕಾಸ್ಟ್ಯೂಮ್ ಲೇಬಲ್ಲಿನಲ್ಲಿ 50 ಅಂತಿದ್ದರೂ ಈಗ 50 ಅಲ್ಲ.